ಲುಪ್ತ ಗಣಕವ್ಯವಸ್ಥೆಗಳೂ ಕನ್ನಡ ಕಡತಗಳ ಪ್ರವೇಶಮಾರ್ಗವೂ

೧

ನಂದಿಬೆಟ್ಟದ ತಪ್ಪಲಿಗೆ ಸಮೀಪದಲ್ಲಿರುವ ಮುದ್ದೇನಹಳ್ಳಿಯು ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಜನ್ಮಸ್ಥಳವೆಂಬುದು ಸರ್ವರಿಗೂ ವಿದಿತವಾಗಿದೆ. ಹಿಂದೆ ಕೋಲಾರ ಜಿಲ್ಲೆಗೆ ಸೇರಿದ್ದ ಈ ಗ್ರಾಮವು, ೨೦೦೭ರಲ್ಲಿ ಚಿಕ್ಕಬಳ್ಳಾಪುರವು ಪ್ರತ್ಯೇಕ ಜಿಲ್ಲೆಯಾದಂದಿನಿಂದ ಆ ಜಿಲ್ಲೆಗೆ ಸೇರಿದೆ. ವಿಶ್ವೇಶ್ವರಯ್ಯನವರ ತಂದೆಗಳಾದ ಶ್ರೀನಿವಾಸಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು. ಮಗನಾದರೋ ಯಂತ್ರಶಾಸ್ತ್ರದಲ್ಲಿ ಕೀರ್ತಿಯನ್ನು ಪಡೆದವರು. ಅವರ ಹೆಸರನ್ನು ಕೇಳಿದೊಡನೆ ಜನರಿಗೆ ಅಣೆಕಟ್ಟುಗಳೂ ಕಾರ್ಖಾನೆಗಳೂ ನೆನಪಿಗೆ ಬರುವುದು ಸಹಜವೇ. ಆದರೆ ಅವರು ಮೈಸೂರು ಸಂಸ್ಥಾನದ ದಿವಾನರಾಗಿದ್ದ ೧೯೧೨ರಿಂದ ೧೯೧೮ರವರೆಗಿನ ಅವಧಿಯಲ್ಲಿಯೇ, ೧೯೧೫ನೆಯ ಇಸವಿ ಮೇ ತಿಂಗಳಲ್ಲಿ, ಬೆಂಗಳೂರಿನಲ್ಲಿ ಕರ್ಣಾಟಕ ಸಾಹಿತ್ಯ ಪರಿಷತ್ತು ಸ್ಥಾಪಿತವಾಯಿತೆಂಬುದನ್ನೂ, ಅದಕ್ಕೆ ಅವರ ಪ್ರೇರಣೆಯು ಮುಖ್ಯವಾಗಿದ್ದಿತೆಂಬುದನ್ನೂ ಸಾಹಿತ್ಯಾಭ್ಯಾಸಿಗಳು ಮರೆಯುವಂತಿಲ್ಲ. ಅಂದು ಕನ್ನಡ ನಾಡು ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಎಂದು ಬೇರೆ ಬೇರೆ ಆಡಳಿತಗಳಿಗೆ ಒಳಪಟ್ಟಿದ್ದಿತು. ಒಂದು ಪ್ರಾಂತದ ಬರಹವು ಮತ್ತೊಂದು ಪ್ರಾಂತದವರಿಗೆ ಅಪರಿಚಿತವಾಗಿ ತೋರುತ್ತಿದ್ದಿತು. ಈ ಭೇದವನ್ನು ಕಳೆದು ಗ್ರಂಥಭಾಷೆಯಲ್ಲಿ ಐಕ್ಯವನ್ನು ತರುವುದು ಪರಿಷತ್ತಿನ ಉದ್ದೇಶಗಳಲ್ಲೊಂದಾಗಿದ್ದಿತು.

ಪರಿಷತ್ತು ಹುಟ್ಟಿದ ಎಪ್ಪತ್ತು ವರ್ಷಗಳ ತರುವಾಯ ಇದೇ ತೊಡಕು ಬೇರೊಂದು ರೂಪದಲ್ಲಿ ತಲೆದೋರಿತು. ಕನ್ನಡವು ಗಣಕಯಂತ್ರವನ್ನು ಪ್ರವೇಶಿಸಿದಾಗ, ಒಂದು ಯಂತ್ರದಲ್ಲಿ ಬರೆದುದು ಮತ್ತೊಂದು ಯಂತ್ರದಲ್ಲಿ ಓದಲು ಬಾರದಂತಾಯಿತು. ಈ ಬಾರಿಯ ಭೇದವು ದೇಶದಿಂದ ಮಾತ್ರವಲ್ಲದೆ ಕಾಲದಿಂದಲೂ ಉಂಟಾದುದು. ೧೯೯೫ರಲ್ಲಿ ಸಿದ್ಧಪಡಿಸಿದ ಕಡತವನ್ನು ಇಂದಿನ ಯಂತ್ರದಲ್ಲಿ ತೆರೆದರೆ, ಅರ್ಥವಿಲ್ಲದ ಚಿಹ್ನೆಗಳ ಸಾಲುಗಳು ಮಾತ್ರ ಕಾಣಿಸುವುದುಂಟು. ಅಂಥ ಕಡತವನ್ನು ಅದರ ಕಾಲದ ವ್ಯವಸ್ಥೆಯೊಳಕ್ಕೆ ಮರಳಿ ಕೊಂಡೊಯ್ದು, ಓದಿ, ಹೊರತರುವ ಕ್ರಮವು ಹೇಗೆ ಬಂದಿತು, ಅದರಲ್ಲಿ ಗ್ರಂಥಸಂಪಾದಕರು ಗಮನಿಸತಕ್ಕ ಅಂಶಗಳಾವುವು ಎಂಬುದೇ ಪ್ರಕೃತ ಲೇಖನದ ವಿಷಯವಾಗಿದೆ.

೨

ಮೊದಲು ಸಂಕೇತಗಳ ಚರಿತ್ರೆಯನ್ನು ಸಂಕ್ಷೇಪವಾಗಿ ನೋಡಬೇಕು. ಗಣಕಯಂತ್ರವು ಅಕ್ಷರವನ್ನರಿಯದು; ಅದು ಸಂಖ್ಯೆಯನ್ನು ಮಾತ್ರ ಬಲ್ಲುದು. ಯಾವ ಸಂಖ್ಯೆಗೆ ಯಾವ ಅಕ್ಷರವೆಂಬ ಒಪ್ಪಂದವೇ ಸಂಕೇತ. ಭಾರತೀಯ ಲಿಪಿಗಳಿಗೆ ಇಸ್ಕೀ ಎಂಬ ಸಂಕೇತವು ೧೯೮೦ರ ದಶಕದಲ್ಲಿ ರೂಪುಗೊಂಡು, ೧೯೯೧ರಲ್ಲಿ ಭಾರತೀಯ ಮಾನಕ ೧೩೧೯೪ ಎಂಬ ಸಂಖ್ಯೆಯಿಂದ ಪ್ರಕಟವಾಯಿತು. ಇದರಲ್ಲಿ ರೋಮನ್ ಅಕ್ಷರಗಳಿಗೆ ಮೊದಲ ೧೨೮ ಸ್ಥಾನಗಳು. ಭಾರತೀಯ ವರ್ಣಮಾಲೆಗೆ ಉಳಿದ ೧೨೮ ಸ್ಥಾನಗಳು. ಕಾನ್ಪುರದ ಐ.ಐ.ಟಿ.ಯಲ್ಲಿ ಆರಂಭವಾಗಿ ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆದ ಜಿಸ್ಟ್ ತಂತ್ರದವರು ಒಂದು ಕಾರ್ಡನ್ನು ನಿರ್ಮಿಸಿ, ಅದನ್ನು ಯಂತ್ರದೊಳಗೆ ಅಳವಡಿಸಿದರೆ ಡಾಸ್ ವ್ಯವಸ್ಥೆಯ ಪರದೆಯ ಮೇಲೆಯೇ ಭಾರತೀಯ ಲಿಪಿಗಳು ಕಾಣುವಂತೆ ಮಾಡಿದರು.

ಎರಡನೆಯ ಮಾರ್ಗವು ಇದಕ್ಕಿಂತ ಭಿನ್ನವಾದುದು. ವಿಂಡೋಸ್ ವ್ಯವಸ್ಥೆಯು ಬಳಕೆಗೆ ಬಂದ ಮೇಲೆ, ವರ್ಣಗಳಿಗೆ ಬದಲಾಗಿ ಅಕ್ಷರದ ಆಕೃತಿಗಳಿಗೇ ಸಂಖ್ಯೆಗಳನ್ನು ಕೊಡುವ ಪದ್ಧತಿಯು ಹರಡಿತು. ರೋಮನ್ ಅಕ್ಷರಗಳಿಗೆ ಮೀಸಲಾಗಿದ್ದ ಸ್ಥಾನಗಳಲ್ಲಿಯೇ ಕನ್ನಡದ ತಲೆಕಟ್ಟು, ಒತ್ತು, ಗುಣಿತದ ತುಂಡುಗಳನ್ನು ಕೂರಿಸಿ ಫಾಂಟುಗಳನ್ನು ರಚಿಸಿದರು. ಅಚ್ಚಿನ ಮೊಳೆಗಳನ್ನು ಜೋಡಿಸುವ ಕ್ರಮವೇ ಇಲ್ಲಿ ಗಣಕಕ್ಕೆ ಬಂದಿತೆನ್ನಬಹುದು. ಆದರೆ ಫಾಂಟನ್ನು ರಚಿಸಿದ ಪ್ರತಿಯೊಬ್ಬರೂ ತಮ್ಮ ಮನಸ್ಸಿಗೆ ಬಂದಂತೆ ಸ್ಥಾನಗಳನ್ನು ಹಂಚಿಕೊಂಡುದರಿಂದ, ಒಬ್ಬರ ‘ಕ’ಕಾರವು ಮತ್ತೊಬ್ಬರಲ್ಲಿ ಒತ್ತಕ್ಷರವಾಗಿ ಕಾಣುವ ಪ್ರಸಂಗವು ಒದಗಿತು. ಕೀಲಿಮಣೆಯ ವಿನ್ಯಾಸದಲ್ಲಿ ಕೆ. ಪಿ. ರಾವ್ ಅವರ ಶ್ರಮವು ಬಹುಮಟ್ಟಿಗೆ ಏಕರೂಪತೆಯನ್ನು ತಂದಿತು; ಅವರು ತಮ್ಮ ತಂತ್ರಾಂಶಕ್ಕೆ ಸೇಡಿಯಾಪು ಕೃಷ್ಣಭಟ್ಟರ ನೆನಪಿನಲ್ಲಿ ‘ಸೇಡಿಯಾಪು’ ಎಂದೇ ಹೆಸರಿಟ್ಟುದು ಪಂಡಿತವರ್ಗಕ್ಕೆ ಸಂತೋಷವನ್ನುಂಟುಮಾಡುವ ಸಂಗತಿ. ೧೯೯೮ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ವೂ, ಅದಾದ ಕೆಲವು ವರ್ಷಗಳಲ್ಲಿ ಕನ್ನಡ ಗಣಕ ಪರಿಷತ್ತಿನ ‘ನುಡಿ’ಯೂ ಮನೆಮನೆಗೆ ಮುಟ್ಟಿ, ಸಹಸ್ರಾರು ಲೇಖಕರಿಗೆ ಉಪಕಾರವನ್ನು ಮಾಡಿದವು.

ಮೂರನೆಯದು ಯೂನಿಕೋಡ್. ೧೯೯೧ರಲ್ಲಿ ಪ್ರಕಟವಾದ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನವು ದೊರೆತಿದ್ದಿತು. ಅದಕ್ಕೆ ಆಧಾರವಾದುದು ಇಸ್ಕೀ ಸಂಕೇತವೇ. ಆದರೆ ಸಾಮಾನ್ಯ ಬಳಕೆಯ ವಿಂಡೋಸಿನಲ್ಲಿ ಯೂನಿಕೋಡ್ ಕನ್ನಡವನ್ನು ತೋರಿಸುವ ಸಾಮರ್ಥ್ಯವು, ‘ತುಂಗಾ’ ಎಂಬ ಫಾಂಟಿನೊಡನೆ, ೨೦೦೧ರ ವಿಂಡೋಸ್ ಎಕ್ಸ್‌ಪಿಯಲ್ಲಿ ಮಾತ್ರ ಬಂದಿತು. ಆದುದರಿಂದ ಸುಮಾರು ೧೯೮೫ರಿಂದ ಹೊಸ ಶತಮಾನದ ಮೊದಲ ದಶಕದವರೆಗೆ ಗಣಕದಲ್ಲಿ ಸಿದ್ಧವಾದ ಕನ್ನಡ ಬರಹದ ಬಹುಭಾಗವು ಮೊದಲೆರಡು ಪದ್ಧತಿಗಳಲ್ಲಿಯೇ ಉಳಿದಿದೆ. ಪ್ರಬಂಧಗಳು, ಸಂಪಾದಿತ ಕಾವ್ಯಗಳು, ನಿಘಂಟಿನ ಟಿಪ್ಪಣಿಗಳು, ಸಣ್ಣ ಪತ್ರಿಕೆಗಳು ಇವೆಲ್ಲವೂ ಇದರಲ್ಲಿ ಸೇರಿವೆ. ಎಷ್ಟೋ ಕಡೆ ಬೆರಳಚ್ಚಾದ ಮೇಲೆ ಕೈಬರಹದ ಪ್ರತಿಯು ಬೇಡವೆಂದು ಬಿಸುಡಲ್ಪಟ್ಟಿತು. ಅಚ್ಚಾಗದೆ ಉಳಿದ ಗ್ರಂಥಕ್ಕೆ ಫ್ಲಾಪಿಯೊಂದೇ ಆಧಾರ. ಫ್ಲಾಪಿಯ ಕಾಂತಶಕ್ತಿಯು ಕಾಲಕ್ರಮದಲ್ಲಿ ಕುಗ್ಗತಕ್ಕುದು. ಓಲೆಗರಿಗೆ ಗೆದ್ದಲು ಹತ್ತಿದರೆ ಕಣ್ಣಿಗೆ ಕಾಣುತ್ತದೆ. ಇಲ್ಲಿಯ ಗೆದ್ದಲು ಕಾಣುವುದಿಲ್ಲ.

೩

ಹಳೆಯ ವ್ಯವಸ್ಥೆಗಳು ಲುಪ್ತವಾದುದಕ್ಕೆ ಕಾರಣಗಳು ಸ್ಪಷ್ಟವಾಗಿವೆ. ವಿಂಡೋಸ್ ೯೮ಕ್ಕೆ ಅದರ ತಯಾರಕರ ಪೋಷಣೆಯು ೨೦೦೬ರ ಜುಲೈಯಲ್ಲಿಯೂ, ಎಕ್ಸ್‌ಪಿಗೆ ೨೦೧೪ರ ಏಪ್ರಿಲ್‌ನಲ್ಲಿಯೂ ನಿಂತುಹೋಯಿತು. ೬೪ ಬಿಟ್ಟಿನ ಈಚಿನ ವಿಂಡೋಸುಗಳಲ್ಲಿ ಡಾಸ್ ಕಾಲದ ತಂತ್ರಾಂಶಗಳು ನೇರವಾಗಿ ನಡೆಯುವುದೇ ಇಲ್ಲ. ಹಳೆಯ ಯಂತ್ರಗಳು ಗುಜರಿಗೆ ಸೇರಿದುವು. ಉಳಿದ ಒಂದೆರಡರ ಬಿಡಿಭಾಗಗಳೂ ದೊರೆಯವು.

ಈ ಸಂಕಟದಲ್ಲಿ ಒದಗಿಬಂದುದು ವರ್ಚುವಲ್ ಮಶೀನ್, ಕನ್ನಡದಲ್ಲಿ ಕಲ್ಪಿತಯಂತ್ರವೆನ್ನಬಹುದು. ಯಂತ್ರದೊಳಗೆ ಯಂತ್ರವನ್ನು ಕಲ್ಪಿಸುವ ಈ ಉಪಾಯವು ಹೊಸದಲ್ಲ. ಅಮೆರಿಕದ ಐ.ಬಿ.ಎಂ. ಸಂಸ್ಥೆಯ ಕೇಂಬ್ರಿಜ್ ಕೇಂದ್ರದಲ್ಲಿ ೧೯೬೦ರ ದಶಕದಲ್ಲಿಯೇ ಸಿ.ಪಿ.-೪೦ ಎಂಬ ವ್ಯವಸ್ಥೆಯು ಒಂದು ದೊಡ್ಡ ಗಣಕವನ್ನು ಅನೇಕ ಗಣಕಗಳೆಂಬಂತೆ ಹಂಚಿಕೊಟ್ಟಿತು. ೧೯೭೨ರಲ್ಲಿ ಆ ಸಂಸ್ಥೆಯು ಇದನ್ನೇ ವಿ.ಎಂ./೩೭೦ ಎಂಬ ಹೆಸರಿನಿಂದ ಪ್ರಚಾರಕ್ಕೆ ತಂದಿತು. ಮನೆಯ ಗಣಕಗಳಿಗೆ ಈ ವಿದ್ಯೆಯು ಇಳಿದುಬಂದುದು ೧೯೯೯ರ ವಿ.ಎಂ.ವೇರ್‌ನಿಂದ. ೨೦೦೨ರಲ್ಲಿ ಡಾಸ್‌ಬಾಕ್ಸ್, ೨೦೦೩ರಲ್ಲಿ ಫಾಬ್ರಿಸ್ ಬೆಲಾರ್ ಅವರ ಕ್ಯೂಎಮು, ೨೦೦೭ರಲ್ಲಿ ವರ್ಚುವಲ್‌ಬಾಕ್ಸ್ ಎಂಬಿವು ಕ್ರಮವಾಗಿ ಬಂದುವು. ಇವುಗಳಲ್ಲಿ ಹೊಸ ಗಣಕವು ತನ್ನ ಸ್ಮೃತಿಯಲ್ಲಿ ಸ್ವಲ್ಪ ಭಾಗವನ್ನು ಬಿಟ್ಟುಕೊಡುತ್ತದೆ. ಒಂದು ಕಡತವೇ ಹಳೆಯ ಯಂತ್ರದ ಗಟ್ಟಿತಟ್ಟೆಯೆಂಬಂತೆ ವರ್ತಿಸುತ್ತದೆ. ಒಳಗಿರುವ ಹಳೆಯ ವ್ಯವಸ್ಥೆಯಾದರೋ ತಾನು ನಿಜವಾದ ಯಂತ್ರದಲ್ಲಿಯೇ ಇರುವೆನೆಂದು ತಿಳಿದು ನಡೆಯುತ್ತದೆ.

ಶಂಕರಭಗವತ್ಪಾದರು ಅಮರುಕ ರಾಜನ ದೇಹವನ್ನು ಪ್ರವೇಶಿಸಿದ ಐತಿಹ್ಯವು ಪಂಡಿತರಿಗೆ ಪರಿಚಿತವೇ. ಅಲ್ಲಿಯೂ ಮುಖ್ಯವಾದ ವಿಷಯವೊಂದುಂಟು: ಗುರುಗಳು ಪರಕಾಯದಲ್ಲಿದ್ದಷ್ಟು ಕಾಲವೂ ಶಿಷ್ಯರು ಮೂಲದೇಹವನ್ನು ಕಾದುಕೊಂಡಿದ್ದರು. ಕಡತಗಳ ವಿಷಯದಲ್ಲಿಯೂ ಇದೇ ಪ್ರಥಮ ನಿಯಮ. ಫ್ಲಾಪಿಯಿಂದ ಮೊದಲು ತೆಗೆದ ಪ್ರತಿಯನ್ನು ಮೂಲವೆಂದು ಬೇರೆಯಾಗಿ ಇಟ್ಟು, ಅದರ ಪ್ರತಿಯನ್ನು ಮಾತ್ರ ಕಲ್ಪಿತಯಂತ್ರದೊಳಕ್ಕೆ ಕಳುಹಿಸಬೇಕು.

ಪ್ರತಿಯು ಮೂಲಕ್ಕೆ ಸಮಾನವೆಂದು ತಿಳಿಯುವ ಬಗೆ ಹೇಗೆ? ಪೂರ್ವದ ಲಿಪಿಕಾರರು ಮೂವತ್ತೆರಡು ಅಕ್ಷರಗಳಿಗೆ ಒಂದು ಗ್ರಂಥವೆಂದೆಣಿಸಿ ಪುಸ್ತಕದ ಕೊನೆಯಲ್ಲಿ ಗ್ರಂಥಸಂಖ್ಯೆಯನ್ನು ಬರೆಯುತ್ತಿದ್ದ ಪದ್ಧತಿಯುಂಟು. ಅದರಿಂದ ಲೋಪವೂ ಪ್ರಕ್ಷೇಪವೂ ತಿಳಿಯುತ್ತಿದ್ದುವು. ಈಗ ಎಸ್‌.ಎಚ್‌.ಎ.-೨೫೬ ಎಂಬ ಗಣಿತದಿಂದ ಯಾವ ಕಡತಕ್ಕಾದರೂ ೬೪ ಚಿಹ್ನೆಗಳ ಮುದ್ರೆಯೊಂದನ್ನು ಪಡೆಯಬಹುದು. ಒಂದೇ ಒಂದು ಅಂಶವು ವ್ಯತ್ಯಾಸವಾದರೂ ಮುದ್ರೆಯು ಬೇರೆಯಾಗುತ್ತದೆ. ಕಡತದ ಹೆಸರಿನೊಡನೆ ಈ ಮುದ್ರೆಯನ್ನೂ ಪಟ್ಟಿಯಲ್ಲಿ ಬರೆದಿಡುವುದು ಗ್ರಂಥಸಂಖ್ಯೆಯ ಸಂಪ್ರದಾಯವನ್ನು ಮುಂದುವರಿಸಿದಂತೆಯೇ ಸರಿ.

೪

ಇನ್ನು ಪ್ರವೇಶಮಾರ್ಗದ ವಿಚಾರ. ವಿಶ್ವೇಶ್ವರಯ್ಯನವರು ೧೯೦೩ರಲ್ಲಿ ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯದಲ್ಲಿ ಸ್ವಯಂಚಾಲಿತವಾದ ಬಾಗಿಲುಗಳನ್ನು ನಿಲ್ಲಿಸಿದರು. ಅಣೆಕಟ್ಟನ್ನು ಎತ್ತರಿಸದೆ, ಬಾಗಿಲಿನ ಯುಕ್ತಿಯಿಂದಲೇ ಹೆಚ್ಚು ನೀರು ನಿಲ್ಲುವಂತೆ ಮಾಡಿದುದು ಅದರ ವಿಶೇಷ. ಹಳೆಯ ಕಟ್ಟಡವನ್ನು ಕೆದಕದೆ ಅದಕ್ಕೊಪ್ಪುವ ಬಾಗಿಲನ್ನು ಹುಡುಕುವುದೇ ಇಲ್ಲಿಯೂ ಜಾಣ್ಮೆ. ಹಳೆಯ ವ್ಯವಸ್ಥೆಯು ತನ್ನ ಕಾಲದಲ್ಲಿ ಬಲ್ಲ ಬಾಗಿಲುಗಳನ್ನೇ ಬಲ್ಲುದು; ಅದು ಹುಟ್ಟಿದ ಮೇಲೆ ಬಂದ ಉಪಾಯಗಳು ಅದಕ್ಕೆ ತಿಳಿಯವು. ಉದಾಹರಣೆಗೆ, ಈಚಿನ ವ್ಯವಸ್ಥೆಗಳಲ್ಲಿ ಒಳಗಿನ ಯಂತ್ರಕ್ಕೂ ಹೊರಗಿನದಕ್ಕೂ ಸಾಮಾನ್ಯವಾದ ಫೋಲ್ಡರೊಂದನ್ನು ಇಟ್ಟು ಕಡತಗಳನ್ನು ಸಾಗಿಸುವುದು ಸುಲಭ. ಆದರೆ ಅದಕ್ಕೆ ಬೇಕಾದ ಸಹಾಯಕ ತಂತ್ರಾಂಶವನ್ನು ವರ್ಚುವಲ್‌ಬಾಕ್ಸಿನವರು ವಿಂಡೋಸ್ ೯೮ಕ್ಕೆ ಒದಗಿಸಿಲ್ಲ. ಆದುದರಿಂದ ಪ್ರಾಚೀನವಾದ ಮಾರ್ಗಗಳನ್ನೇ ಹಿಡಿಯಬೇಕಾಗುತ್ತದೆ. ಅವು ಮುಖ್ಯವಾಗಿ ನಾಲ್ಕು.

ಮೊದಲನೆಯದು ಫ್ಲಾಪಿಯ ಪ್ರತಿಬಿಂಬ. ಮೂರೂವರೆ ಅಂಗುಲದ ಫ್ಲಾಪಿಯಲ್ಲಿ ಎರಡು ಮುಖಗಳು, ಮುಖವೊಂದಕ್ಕೆ ೮೦ ಪಥಗಳು, ಪಥವೊಂದಕ್ಕೆ ೧೮ ಖಂಡಗಳು, ಖಂಡವೊಂದಕ್ಕೆ ೫೧೨ ಬೈಟುಗಳು. ಒಟ್ಟು ೧೪,೭೪,೫೬೦ ಬೈಟುಗಳು. ಸರಿಯಾಗಿ ಇಷ್ಟೇ ಪ್ರಮಾಣದ ಕಡತವನ್ನು ನಿರ್ಮಿಸಿ ಅದರೊಳಗೆ ಬರಹಗಳನ್ನಿಟ್ಟರೆ, ಕಲ್ಪಿತಯಂತ್ರವು ಅದನ್ನು ಫ್ಲಾಪಿಯೆಂದೇ ಸ್ವೀಕರಿಸುತ್ತದೆ. ಈ ಬಾಗಿಲು ಕಿರಿದಾದರೂ ಡಾಸ್ ಮೊದಲ್ಗೊಂಡು ಎಲ್ಲಕ್ಕೂ ಪರಿಚಿತವಾದುದು, ಮತ್ತು ಒಳಕ್ಕೂ ಹೊರಕ್ಕೂ ತೆರೆಯತಕ್ಕುದು.

ಎರಡನೆಯದು ಸಿ.ಡಿ.ಯ ಪ್ರತಿಬಿಂಬ. ಇದರಲ್ಲಿ ನೂರಾರು ಫ್ಲಾಪಿಗಳ ಸಾಮಗ್ರಿಯನ್ನು ಒಮ್ಮೆಗೇ ಕಳುಹಿಸಬಹುದು. ಇದು ಒಳಹೋಗುವ ಬಾಗಿಲು ಮಾತ್ರ. ಹಳೆಯ ವ್ಯವಸ್ಥೆಯು ಇದರ ಮೇಲೆ ಏನನ್ನೂ ಬರೆಯಲಾರದು. ಸಂಪಾದಕನ ದೃಷ್ಟಿಯಿಂದ ಇದೊಂದು ಗುಣವೇ. ಕಳುಹಿಸಿದ ಪಾಠವು ಕೆಡುವ ಭಯವಿಲ್ಲ. ಡಾಸ್ ವ್ಯವಸ್ಥೆಗೆ ಸಿ.ಡಿ.ಯನ್ನು ಓದಲು ಪ್ರತ್ಯೇಕ ಚಾಲಕ ತಂತ್ರಾಂಶವು ಬೇಕು. ವಿಂಡೋಸ್ ೯೮ಕ್ಕೆ ಬೇಡ.

ಮೂರನೆಯದು, ಕಲ್ಪಿತಯಂತ್ರವನ್ನು ನಿಲ್ಲಿಸಿ, ಅದರ ಗಟ್ಟಿತಟ್ಟೆಯ ಕಡತವನ್ನೇ ಹೊರಗಿನ ಯಂತ್ರದಲ್ಲಿ ತೆರೆದು ಬರಹಗಳನ್ನು ಇಡುವುದು. ಯಂತ್ರವು ನಡೆಯುತ್ತಿರುವಾಗ ಹೀಗೆ ಮಾಡಿದರೆ ಇಬ್ಬರು ಲಿಪಿಕಾರರು ಒಂದೇ ಓಲೆಯ ಮೇಲೆ ಏಕಕಾಲದಲ್ಲಿ ಕಂಠವನ್ನು ಊರಿದಂತಾಗಿ, ಎಲ್ಲವೂ ಹಾಳಾಗುವುದು ನಿಶ್ಚಯ.

ನಾಲ್ಕನೆಯದು ಜಾಲದ ಮಾರ್ಗ. ಹಳೆಯ ವಿಂಡೋಸುಗಳು ಕಡತಗಳನ್ನು ಹಂಚಿಕೊಳ್ಳಲು ಬಳಸುತ್ತಿದ್ದ ಎಸ್‌.ಎಂ.ಬಿ. ಒಂದನೆಯ ಆವೃತ್ತಿಯ ದೋಷವನ್ನು ಹಿಡಿದು ೨೦೧೭ರ ಮೇ ತಿಂಗಳಲ್ಲಿ ‘ವಾನಾಕ್ರೈ’ ಎಂಬ ಉಪದ್ರವವು ಲೋಕದಲ್ಲೆಲ್ಲ ಹರಡಿತು. ಅದೇ ವರ್ಷದ ವಿಂಡೋಸ್ ೧೦ರ ಪರಿಷ್ಕರಣದಿಂದ ಮೊದಲ್ಗೊಂಡು ಅದನ್ನು ತಾನಾಗಿಯೇ ಸೇರಿಸುವುದು ನಿಂತಿದೆ. ಹಳೆಯ ವ್ಯವಸ್ಥೆಯನ್ನು ಹೊರಗಿನ ಜಾಲಕ್ಕೆ ಸೇರಿಸದಿರುವುದೇ ಕ್ಷೇಮ.

ಯಾವ ಮಾರ್ಗವನ್ನು ಹಿಡಿದರೂ ಎರಡು ಎಚ್ಚರಿಕೆಗಳು ಅವಶ್ಯಕ. ಡಾಸ್ ವ್ಯವಸ್ಥೆಯಲ್ಲಿ ಕಡತದ ಹೆಸರಿಗೆ ಎಂಟು ಅಕ್ಷರಗಳು, ವರ್ಗಸೂಚಕಕ್ಕೆ ಮೂರು ಅಕ್ಷರಗಳು, ಇಷ್ಟೇ ಮಿತಿ. ಕನ್ನಡದಲ್ಲಿ ಬರೆದ ಹೆಸರುಗಳನ್ನು ವಿಂಡೋಸ್ ೯೮ ಸಹ ಅರಿಯದು. ಪ್ರಶ್ನಾರ್ಥಕ ಚಿಹ್ನೆಗಳನ್ನೋ ಅಡ್ಡಗೆರೆಗಳನ್ನೋ ತೋರಿಸೀತು. ಆದುದರಿಂದ ಒಳಗೆ ಕಳುಹಿಸುವ ಪ್ರತಿಗಳಿಗೆ ಕಿರಿದಾದ ರೋಮನ್ ಹೆಸರುಗಳನ್ನಿಟ್ಟು, ಮೂಲದ ಹೆಸರನ್ನು ಪಟ್ಟಿಯಲ್ಲಿ ಕಾಪಾಡಬೇಕು. ಎರಡನೆಯದಾಗಿ, ಹಳೆಯ ವ್ಯವಸ್ಥೆಗೆ ಐಶ್ವರ್ಯವು ಸಲ್ಲದು. ವಿಂಡೋಸ್ ೯೮ಕ್ಕೆ ೫೧೨ ಮೆಗಾಬೈಟಿಗಿಂತ ಹೆಚ್ಚಿನ ಸ್ಮೃತಿಯನ್ನು ಕೊಟ್ಟರೆ, ಸ್ಮೃತಿಯು ಸಾಲದೆಂದೇ ಅದು ದೂರುವುದುಂಟು! ೨೫೬ ಮೆಗಾಬೈಟು ಅದಕ್ಕೆ ಧಾರಾಳವಾಯಿತು.

೫

ಇಷ್ಟೆಲ್ಲ ಪ್ರಯಾಸವೇಕೆ, ಹಳೆಯ ಸಂಕೇತವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಇರುವುವಲ್ಲ ಎಂದು ಕೆಲವರು ಆಕ್ಷೇಪಿಸಬಹುದು. ಪರಿವರ್ತಕಗಳ ಉಪಕಾರವು ದೊಡ್ಡದು. ಅವುಗಳಿಲ್ಲದೆ ಈ ಕಾರ್ಯವು ಮುಗಿಯತಕ್ಕುದಲ್ಲ. ಆದರೆ ಅವುಗಳಿಂದಲೇ ಕಾರ್ಯವು ಮುಗಿಯಿತೆಂಬ ಮಾತಿಗೆ ಮೂರು ಬಾಧಕಗಳಿವೆ.

ಒಂದನೆಯದು ಅರ್ಕಾವೊತ್ತಿನದು. ‘ಧರ್ಮ’ ಎಂಬ ಶಬ್ದದಲ್ಲಿ ಉಚ್ಚಾರಣೆಯ ಕ್ರಮವು ಧ, ರ್, ಮ. ಯೂನಿಕೋಡಿನಲ್ಲಿಯೂ ಇದೇ ಕ್ರಮ. ಆಕೃತಿಸಂಕೇತದಲ್ಲಾದರೋ ಕಣ್ಣಿಗೆ ಕಾಣುವಂತೆ ಧ, ಮ, ಅನಂತರ ಅರ್ಕಾವೊತ್ತು. ಪರಿವರ್ತಕವು ಒತ್ತನ್ನು ಹಿಂದಕ್ಕೆ ಸರಿಸಿ ಕೂರಿಸಬೇಕು. ಸಂಯುಕ್ತಾಕ್ಷರವೂ ಗುಣಿತವೂ ಕೂಡಿದ ‘ವೈಶಿಷ್ಟ್ಯಾರ್ಥ’ದಂತಹ ಶಬ್ದಗಳಲ್ಲಿ ಎಷ್ಟು ಹಿಂದಕ್ಕೆ ಸರಿಸಬೇಕೆಂಬಲ್ಲಿ ತಪ್ಪು ನುಸುಳುವ ಅವಕಾಶವುಂಟು.

ಎರಡನೆಯದು ಇನ್ನೂ ಗುರುತರವಾದುದು. ಆಕೃತಿಸಂಕೇತದಲ್ಲಿ ರೋಮನ್ ಅಕ್ಷರಗಳ ಸ್ಥಾನಗಳನ್ನು ಕನ್ನಡವು ಆಕ್ರಮಿಸಿದೆಯೆಂದು ಮೇಲೆ ಹೇಳಿದೆ. ಒಂದೇ ಪುಟದಲ್ಲಿ ಕನ್ನಡವೂ ಇಂಗ್ಲಿಷೂ ಇದ್ದರೆ, ಯಾವುದು ಯಾವುದೆಂಬುದು ಸಂಖ್ಯೆಗಳಿಂದ ತಿಳಿಯುವುದಿಲ್ಲ. ಆಯಾ ಭಾಗಕ್ಕೆ ಹಚ್ಚಿದ ಫಾಂಟಿನ ಹೆಸರಿನಿಂದ ಮಾತ್ರ ತಿಳಿಯುತ್ತದೆ. ಅಕ್ಷರಗಳನ್ನಷ್ಟೇ ಬಿಡಿಸಿಕೊಂಡು ಪರಿವರ್ತಿಸಿದರೆ ಇಂಗ್ಲಿಷ್ ಶಬ್ದಗಳು ಕನ್ನಡದ ಗೊಂದಲವಾಗಿ ಮಾರ್ಪಡುತ್ತವೆ. ಸಂಸ್ಕೃತ ಆಕರಗಳನ್ನು ಚಿಹ್ನೆಗಳಿಂದ ಕೂಡಿದ ರೋಮನ್ ಲಿಪಿಯಲ್ಲಿ ಕೊಟ್ಟಿರುವ ಅಡಿಟಿಪ್ಪಣಿಗಳಿಗೆ ಇದರಿಂದ ಆಗುವ ಹಾನಿಯನ್ನು ಸಂಶೋಧಕರು ಊಹಿಸಿಕೊಳ್ಳಬಹುದು. ಆದುದರಿಂದ ಫಾಂಟಿನ ಹೆಸರು ಅಲಂಕಾರವಲ್ಲ, ಪಾಠದ ಅಂಗವೇ. ಅದನ್ನು ಸರಿಯಾಗಿ ತೋರಿಸತಕ್ಕುದು ಆ ಕಾಲದ ತಂತ್ರಾಂಶವೂ, ಅದರೊಡನೆ ಅಳವಡಿಸಿದ ಅದೇ ಫಾಂಟೂ.

ಮೂರನೆಯದು, ಹಳಗನ್ನಡದ ಱ ಮತ್ತು ೞ ಅಕ್ಷರಗಳ ವಿಷಯ. ಇವು ಕಾಣಿಸುವಲ್ಲೆಲ್ಲ ಪರಿವರ್ತಕವನ್ನು ಪರೀಕ್ಷಿಸಿಯೇ ನಂಬಬೇಕು. ಯೂನಿಕೋಡಿನಲ್ಲಿಯೇ ೞಕಾರಕ್ಕೆ ‘ಫ’ ಎಂಬ ತಪ್ಪು ಹೆಸರು ಬಿದ್ದು, ಹೆಸರುಗಳನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ, ಸರಿಯಾದ ಹೆಸರನ್ನು ಪರ್ಯಾಯವಾಗಿ ಸೇರಿಸಬೇಕಾಯಿತು. ಮಾನಕಗಳಲ್ಲಿಯೇ ಹೀಗಿರುವಾಗ ಬಿಡಿ ಫಾಂಟುಗಳ ಮಾತೇನು?

ಹಾಗೆಂದು ಹಳೆಯ ಪರದೆಯ ಮೇಲೆ ಕಂಡುದೆಲ್ಲವೂ ಪ್ರಮಾಣವೆಂದಲ್ಲ. ಅನುಸ್ವಾರಕ್ಕೆ ಬದಲಾಗಿ ಸೊನ್ನೆಯನ್ನೂ, ಅರ್ಕಾವೊತ್ತಿಗೆ ಬದಲಾಗಿ ಒಂಬತ್ತರ ಅಂಕಿಯನ್ನೂ ಒತ್ತಿರುವ ಬೆರಳಚ್ಚುಗಳುಂಟು. ಇವು ಕಣ್ಣಿಗೆ ಒಂದೇ, ಸಂಕೇತದಲ್ಲಿ ಬೇರೆ. ಇಂಥ ದೋಷವು ಹಳೆಯ ಪರದೆಯಲ್ಲಿ ಮರೆಯಾಗಿದ್ದು, ಪರಿವರ್ತನೆಯಾದ ಮೇಲೆ ಪದವನ್ನು ಹುಡುಕುವಾಗ ಬಯಲಾಗುತ್ತದೆ. ಆದುದರಿಂದ ಪ್ರತ್ಯಕ್ಷವೂ ಅನುಮಾನವೂ ಕೂಡಿ ನಿರ್ಣಯವನ್ನು ಕೊಡಬೇಕು. ಕಲ್ಪಿತಯಂತ್ರದಲ್ಲಿ ಕಂಡ ಪುಟದ ಚಿತ್ರವನ್ನು ಒಂದು ಪ್ರತಿಯಾಗಿಯೂ, ಪರಿವರ್ತಕದಿಂದ ಬಂದ ಪಾಠವನ್ನು ಇನ್ನೊಂದು ಪ್ರತಿಯಾಗಿಯೂ ಇಟ್ಟುಕೊಂಡು, ಓಲೆಗರಿಗಳ ಪಾಠಗಳನ್ನು ಹೋಲಿಸುವಂತೆಯೇ ಸಾಲು ಸಾಲಾಗಿ ಹೋಲಿಸತಕ್ಕುದು. ಭೇದವು ಕಂಡಲ್ಲಿ ಎರಡನ್ನೂ ಗುರುತಿಸಬೇಕು. ಸಂಪಾದಕನು ತನಗೆ ತೋರಿದಂತೆ ಮೌನವಾಗಿ ತಿದ್ದಬಾರದು.

೬

ಈ ಚರಿತ್ರೆಯಿಂದ ಹೊರಡುವ ತತ್ತ್ವವನ್ನು ಒಂದು ಹೋಲಿಕೆಯಿಂದ ಸ್ಪಷ್ಟಪಡಿಸಬಹುದು. ಜಿಸ್ಟ್ ಕಾರ್ಡಿನ ಕಾಲದ ಕಡತವನ್ನು ಕಲ್ಪಿತಯಂತ್ರದಲ್ಲಿ ತೆರೆದರೆ ಕನ್ನಡವು ಕಾಣಿಸದು. ಕಲ್ಪಿತಯಂತ್ರಗಳು ಸಾಮಾನ್ಯ ಯಂತ್ರಾಂಶವನ್ನು ಕಲ್ಪಿಸುವುವೇ ಹೊರತು, ಅಂಥ ವಿಶೇಷ ಕಾರ್ಡನ್ನಲ್ಲ. ಆದರೂ ಆ ಕಡತವು ನಷ್ಟವಾಗಿಲ್ಲ. ಇಸ್ಕೀ ಸಂಕೇತವು ಪ್ರಕಟವಾದ ಮಾನಕವಾದುದರಿಂದ, ಕಾರ್ಡು ಇಲ್ಲದಿದ್ದರೂ ಅದನ್ನು ನಿಯಮಾನುಸಾರವಾಗಿ ಓದಬಹುದು. ಆಕೃತಿಸಂಕೇತದ ಕಡತದ ಸ್ಥಿತಿಯು ಇದಕ್ಕೆ ವಿಪರೀತವಾದುದು. ಅದರ ಯಂತ್ರವನ್ನು ಕಲ್ಪಿಸುವುದು ಸುಲಭ. ಆದರೆ ಫಾಂಟು ಕಳೆದುಹೋಗಿ, ಸ್ಥಾನಗಳ ಹಂಚಿಕೆಯು ಎಲ್ಲಿಯೂ ಪ್ರಕಟವಾಗದೆ ಇದ್ದರೆ, ಆ ಪಾಠವನ್ನು ಅಜ್ಞಾತಲಿಪಿಯ ಶಾಸನದಂತೆ ಬಿಡಿಸಬೇಕಾಗುತ್ತದೆ. ಬಹಿರಂಗವಾದ ಒಪ್ಪಂದವು ಯಂತ್ರಕ್ಕಿಂತ ದೀರ್ಘಾಯು. ಒಪ್ಪಂದವಿಲ್ಲದೆ ಬರೆದುದು ಯಂತ್ರವಿರುವವರೆಗೆ ಮಾತ್ರ ಬದುಕುತ್ತದೆ.

ಆದುದರಿಂದ ಹಳೆಯ ಕಡತಗಳನ್ನು ಕಾಪಾಡುವವರು ಕಡತದೊಡನೆ ಅದರ ಫಾಂಟನ್ನೂ, ಅದನ್ನು ಬರೆದ ತಂತ್ರಾಂಶವನ್ನೂ, ಸಾಧ್ಯವಾದರೆ ಸಿದ್ಧವಾದ ಕಲ್ಪಿತಯಂತ್ರವನ್ನೂ ಒಟ್ಟಿಗೆ ಕಾಪಾಡಬೇಕು. ಟೀಕೆಯಿಲ್ಲದ ಸೂತ್ರದಂತೆ ಬರಿಯ ಕಡತವನ್ನು ಉಳಿಸಿದರೆ ಮುಂದಿನವರಿಗೆ ಅದರ ಅರ್ಥವು ದೊರೆಯದು. ಈ ಕೆಲಸಕ್ಕೆ ಕಾಲಾವಕಾಶವು ಹೆಚ್ಚಾಗಿಲ್ಲ. ಹೆಸರಾಂತ ತಯಾರಕರಾದ ಸೋನಿಯವರು ಜಪಾನಿನಲ್ಲಿ ಫ್ಲಾಪಿಯ ಮಾರಾಟವನ್ನು ೨೦೧೧ರಲ್ಲಿಯೇ ನಿಲ್ಲಿಸಿದರು. ಆ ಕಾಲದ ಫಾಂಟುಗಳನ್ನೂ ಬೆರಳಚ್ಚಿನ ವಾಡಿಕೆಗಳನ್ನೂ ನೆನಪಿನಿಂದ ಹೇಳಬಲ್ಲ ಅಕ್ಷರಸಂಯೋಜಕರು ಇನ್ನೂ ಇದ್ದಾರೆ. ಅವರ ನೆನಪು ಯಾವ ಫ್ಲಾಪಿಯಲ್ಲಿಯೂ ಇಲ್ಲ. ಅವರು ಇರುವಾಗಲೇ ಕೇಳಿ ಬರೆದುಕೊಳ್ಳುವುದು ಅವಶ್ಯಕ.

ಮುದ್ದೇನಹಳ್ಳಿಯಲ್ಲಿ ವಿಶ್ವೇಶ್ವರಯ್ಯನವರ ಸ್ಮಾರಕ ವಸ್ತುಸಂಗ್ರಹಾಲಯವೂ, ಅವರ ಹೆಸರಿನ ತಾಂತ್ರಿಕ ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವೂ ಒಂದೇ ಊರಿನಲ್ಲಿವೆ. ಹಳೆಯದನ್ನು ಕಾಪಾಡುವ ಮನೆಯೂ ಹೊಸ ಯಂತ್ರವಿದ್ಯೆಯನ್ನು ಕಲಿಸುವ ಮನೆಯೂ ನೆರೆಹೊರೆಯಾಗಿವೆ. ಕನ್ನಡದ ಗಣಕಕಡತಗಳ ರಕ್ಷಣೆಗೆ ಬೇಕಾದುದು ಇಂಥ ನೆರೆಹೊರೆಯೇ. ಪಾಠಶೋಧನೆಯನ್ನು ಬಲ್ಲ ಪಂಡಿತನೂ ಯಂತ್ರವನ್ನು ಬಲ್ಲ ತಂತ್ರಜ್ಞನೂ ಒಂದೇ ಪರದೆಯ ಮುಂದೆ ಕುಳಿತು ದುಡಿದಲ್ಲಿ, ೧೯೧೫ರಲ್ಲಿ ಪ್ರಾಂತಗಳ ನಡುವೆ ಸಾಧಿಸಬೇಕೆಂದಿದ್ದ ಐಕ್ಯವು ತಲೆಮಾರುಗಳ ನಡುವೆಯೂ ಸಾಧ್ಯವಾದೀತು.